ಎಕ್ಸ್ ಅಂದ್ರೆ ಯಾವ್ದೋ ಒಂದು: ಹುಣಸೆ ಬೀಜ, ಟೊಮೆಟೊ ಬಾಕ್ಸ್ ಇಟ್ಕೊಂಡು ಮಕ್ಕಳಿಗೆ ಬೀಜಗಣಿತ ಶುರು ಮಾಡ್ಸೋದು ಹೇಗೆ

"ಮಾವ, ನೆನ್ನೆ ಎಕ್ಸ್ ಅಂದ್ರೆ 7 ಅಂದೆ, ಇವತ್ತು 4 ಅಂತೀಯ, ಯಾವ್ದಾದ್ರೂ ಒಂದು ಹೇಳು" ಅಂತ ನಮ್ಮಕ್ಕನ ಮಗಳು ಪುಸ್ತಕ ಮುಚ್ಚಿ ಎದ್ದು ಹೋದ್ಲು. ಏಳನೇ ಕ್ಲಾಸು. ಇದೇ ಹುಡುಗಿ ರಜ ಬಂದ್ರೆ ಅವರಪ್ಪನ ಜೊತೆ ಕೋಲಾರದ ಎಪಿಎಂಸಿಗೆ ಹೋಗಿ, 40 ಬಾಕ್ಸ್ ಟೊಮೆಟೊಗೆ ಎಷ್ಟು ದುಡ್ಡು ಬರ್ಬೇಕು ಅಂತ ಮಂಡಿಯವ್ರು ಚೀಟಿ ಬರೆಯೋಕಿಂತ ಮುಂಚೆನೇ ಬಾಯಲ್ಲಿ ಹೇಳ್ಬಿಡ್ತಾಳೆ. ಅಂದ್ರೆ ಲೆಕ್ಕ ಬರಲ್ಲ ಅಂತಲ್ಲ, ಆ ಅಕ್ಷರ ಕಂಡ್ರೆ ಆಗಲ್ಲ ಅಷ್ಟೇ. ನನ್ನ ಕಥೆನೂ ಅದೇ ಆಗಿತ್ತು, "ಆ ಕಡೆ ಹೋದ್ರೆ ಪ್ಲಸ್ಸು ಮೈನಸ್ಸಾಗತ್ತೆ, ಯಾಕೆ ಗೀಕೆ ಅಂತ ಕೇಳ್ಬೇಡ" ಅಂತ ಹೇಳಿಸ್ಕೊಂಡು ಬಾಯಿಪಾಠ ಮಾಡಿ ಪಾಸಾದೋನು ನಾನು, ಯಾಕೆ ಅಂತ ಗೊತ್ತಾಗಿದ್ದು ಈ ಹುಡುಗಿಗೆ ಹೇಳ್ಕೊಡೋಕೆ ಕೂತಾಗ್ಲೇ.

ಹಂಗಾಗಿ ಒಂದೆರಡು ವಾರ ಸಂಜೆ ಹೊತ್ತು ಅರ್ಧ ಗಂಟೆ ಕೂತು ನಾವು ಮಾಡಿದ್ದನ್ನ ಇಲ್ಲಿ ಬರೀತಿದೀನಿ. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಸಾಕು, ದೊಡ್ಡೋರು ಹೊಸದಾಗಿ ಕಲಿಯೋರಿಗೂ ಆಗತ್ತೆ. ಬೇಕಾಗಿರೋದು ನಾಲ್ಕೈದು ಖಾಲಿ ಬೆಂಕಿಪೊಟ್ಟಣ, ಒಂದು ಹಿಡಿ ಹುಣಸೆ ಬೀಜ, ಒಂದು ಸ್ಲೇಟು. ಬೀಜಗಣಿತಕ್ಕೆ ಹುಣಸೆ ಬೀಜ, ಹೆಸರಿಗೂ ಸರಿಹೋಯ್ತು. ಮುಂದೆ ಹಾಕಿರೋ ರೇಟುಗಳೆಲ್ಲ ಲೆಕ್ಕ ಸಲೀಸಾಗಿ ಬರ್ಲಿ ಅಂತ ಹಾಕಿದ್ದು, ಈವತ್ತಿನ ರೇಟು ಅಂತ ಅನ್ಕೋಬೇಡಿ.

ಮೊದಲು ಬಾಯಲ್ಲಿ, ಪೆನ್ನು ಮುಟ್ಟೋದು ಬೇಡ

ಅಂಗಡಿಗೆ ಕಳಿಸಿ. 100 ರೂಪಾಯಿ ಕೊಟ್ಟೆ, ಒಂದೇ ಥರದ್ದು 3 ಬಿಸ್ಕತ್ ಪ್ಯಾಕೆಟ್ ತಂದೆ, ಚಿಲ್ಲರೆ 70 ವಾಪಸ್ ಬಂತು, ಒಂದು ಪ್ಯಾಕೆಟ್ಟಿಗೆ ಎಷ್ಟು? ಮಗು ತಕ್ಷಣ 10 ಅನ್ನತ್ತೆ. ಅಲ್ಲಿಗೆ ನಿಲ್ಲಿಸ್ಬೇಡಿ, "ಹೆಂಗೆ ಹೇಳ್ದೆ?" ಅಂತ ಕೇಳಿ. "100ರಲ್ಲಿ 70 ಕಳೆದ್ರೆ 30, ಅದನ್ನ ಮೂರು ಭಾಗ ಮಾಡ್ದೆ" ಅಂತ ಹೇಳ್ತಾರೆ. ಇದೇ ಬೀಜಗಣಿತ, ಆಗ್ಲೇ ಬಂದಾಯ್ತು, ಆದ್ರೆ ಆ ಹೆಸರನ್ನ ಇನ್ನೂ ಬಾಯಿಗೆ ತರ್ಬೇಡಿ. ಎರಡು ಮೂರು ದಿನ ಇದನ್ನೇ ಆಡಿ, ನಾನೊಂದು ನಂಬರ್ ಅನ್ಕೊಂಡಿದೀನಿ, ಅದಕ್ಕೆ 5 ಸೇರಿಸಿದ್ರೆ 12, ಏನದು, ಹಿಂಗೆ. ನೀವು ಕೇಳೋದಕ್ಕಿಂತ ಅವರು ನಿಮ್ಮನ್ನ ಕೇಳೋದು ಜಾಸ್ತಿ ಆಗ್ಬೇಕು, ಯಾಕಂದ್ರೆ ಒಗಟು ಕಟ್ಟೋಕೆ ಹೋದಾಗ್ಲೇ ಒಳಗಿನ ಸಂಗತಿ ತಿಳಿಯೋದು.

ಆಮೇಲೆ ಬೆಂಕಿಪೊಟ್ಟಣ

ಇದರ ಮೇಲೆ ಜಾಸ್ತಿ ಹೊತ್ತು ಕಳೀರಿ, ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿರೋದು.

ಮಗು ಆ ಕಡೆ ತಿರುಗಿದಾಗ ಎರಡು ಬೆಂಕಿಪೊಟ್ಟಣದಲ್ಲೂ ನಾಲ್ಕು ನಾಲ್ಕು ಹುಣಸೆ ಬೀಜ ಹಾಕಿ ಮುಚ್ಚಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೀರಿ. ಗೆರೆಯ ಎಡಕ್ಕೆ ಎರಡು ಪೊಟ್ಟಣ, ಜೊತೆಗೆ ಬಿಡಿ ಬೀಜ 3. ಬಲಕ್ಕೆ ಬಿಡಿ ಬೀಜ 11. ಎರಡೇ ರೂಲ್ಸು: ಪೊಟ್ಟಣಗಳಲ್ಲಿ ಇರೋದು ಒಂದೇ ಸಮ, ಮತ್ತೆ ಗೆರೆಯ ಎರಡೂ ಕಡೆ ಒಟ್ಟು ಬೀಜ ಒಂದೇ ಸಮ. ಪೊಟ್ಟಣ ತೆಗೀದೆ ಒಳಗೆ ಎಷ್ಟಿದೆ ಹೇಳ್ಬೇಕು.

ನಮ್ಮ ಹುಡುಗಿ ಮೊದಲು ಮಾಡಿದ್ದು ಪೊಟ್ಟಣ ಎತ್ತಿ ಕಿವಿ ಹತ್ರ ಅಲ್ಲಾಡಿಸಿದ್ದು! ಅದೂ ಒಂದು ದಾರಿನೇ ಬಿಡಿ. ಆಮೇಲೆ ಸುಮ್ನೆ ಕೂತು ನೋಡಿದ್ಲು, ಎಡಗಡೆಯಿಂದ ಮೂರು ಬೀಜ ಎತ್ತಿ ಪಕ್ಕಕ್ಕೆ ಇಟ್ಲು, ನನ್ನ ಮುಖ ನೋಡಿದ್ಲು, ನಾನು ಏನೂ ಹೇಳ್ಲಿಲ್ಲ, ಬಲಗಡೆಯಿಂದಾನೂ ಮೂರು ಎತ್ತಿದ್ಲು. ಉಳಿದಿದ್ದು ಎರಡು ಪೊಟ್ಟಣ, ಎಂಟು ಬೀಜ. ಎಂಟನ್ನ ನಾಲ್ಕು ನಾಲ್ಕು ಮಾಡಿ ಒಂದೊಂದು ಗುಂಪನ್ನ ಒಂದೊಂದು ಪೊಟ್ಟಣದ ಎದುರಿಗೆ ತಳ್ಳಿದ್ಲು. "ನಾಲ್ಕು." ತೆಗೆದು ನೋಡಿ ಎಣಿಸಿ ಅವಳಿಗಾದ ಖುಷಿ ಪುಸ್ತಕದ ಹಿಂದೆ ಉತ್ತರ ನೋಡಿ ಟಿಕ್ ಹಾಕ್ಕೊಂಡ್ರೆ ಬರಲ್ಲ.

ಮಾರನೇ ದಿನ ಪೊಟ್ಟಣದಲ್ಲಿ ಆರು ಹಾಕಿ, ಅದರ ಮಾರನೇ ದಿನ ಎರಡು. "ನೆನ್ನೆ 4 ಇತ್ತಲ್ಲ" ಅಂತ ಯಾವ ಮಗುನೂ ಜಗಳಕ್ಕೆ ಬರಲ್ಲ, ಪೊಟ್ಟಣ ಅದೇ, ಒಳಗಿರೋದು ದಿನಾ ಬೇರೆ. ಮೇಲೆ ಅವಳು ಎದ್ದು ಹೋದ ಪ್ರಶ್ನೆಗೆ ಉತ್ತರ ಇಷ್ಟೇ ಇದ್ದಿದ್ದು, ನಾನು ಸ್ಲೇಟಿನ ಮೇಲೆ ಹತ್ತು ಸಲ ಬಾಯಿ ಬಡ್ಕೊಂಡ್ರೂ ಹೋಗದೇ ಇದ್ದಿದ್ದು ಒಂದು ಬೆಂಕಿಪೊಟ್ಟಣದಲ್ಲಿ ಹೋಯ್ತು.

ಸಮ ಚಿಹ್ನೆ ಅಂದ್ರೆ ಉತ್ತರ ಬರೆಯೋ ಜಾಗ ಅಲ್ಲ

ಈ ಟೆಸ್ಟು ಈಗ್ಲೇ ನಿಮ್ಮನೆ ಮಗುಗೆ ಕೊಟ್ಟು ನೋಡಿ: 8 + 4 = ▢ + 5. ಖಾಲಿ ಜಾಗದಲ್ಲಿ ಏನು? ಬಹಳಷ್ಟು ಮಕ್ಕಳು 12 ಅಂತಾರೆ, ಕೆಲವರು ಎಲ್ಲಾ ಕೂಡಿಸಿ 17 ಅಂತಾರೆ. ಒಂದನೇ ಕ್ಲಾಸಿಂದ ಆ ಎರಡು ಗೆರೆ ಕಂಡ ತಕ್ಷಣ ಉತ್ತರ ಬರೆದು ಬರೆದು ಅಭ್ಯಾಸ ಆಗಿಬಿಟ್ಟಿರತ್ತೆ, ಕ್ಯಾಲ್ಕುಲೇಟರ್ ಬಟನ್ ಥರ. ಇಲ್ಲಿ ಬರ್ಬೇಕಾಗಿರೋದು 7, ಯಾಕಂದ್ರೆ ಈ ಕಡೆ 12 ಇದ್ರೆ ಆ ಕಡೆನೂ 12 ಇರ್ಬೇಕು. ಆ ಚಿಹ್ನೆನ 1557ರಲ್ಲಿ ಮೊದಲು ಪ್ರಿಂಟ್ ಮಾಡಿದ ರಾಬರ್ಟ್ ರೆಕಾರ್ಡ್ ಅನ್ನೋರು ಒಂದೇ ಉದ್ದದ ಎರಡು ಗೆರೆ ಯಾಕೆ ಹಾಕಿದ್ರು ಅಂದ್ರೆ ಅದಕ್ಕಿಂತ ಸಮ ಇರೋ ಎರಡು ವಸ್ತು ಇನ್ನೆಲ್ಲೂ ಸಿಗಲ್ಲ ಅಂತ. ಸಂತೆಯಲ್ಲಿ ತರಕಾರಿಯವರ ಕೈ ತಕ್ಕಡಿ ತೋರ್ಸಿ, ಮುಳ್ಳು ಮಧ್ಯಕ್ಕೆ ನಿಂತ್ರೆ ಅದೇ ಸಮ. ಒಂದು ತಟ್ಟೆಯಿಂದ ಏನಾದ್ರೂ ತೆಗೆದ್ರೆ ಇನ್ನೊಂದು ತಟ್ಟೆಯಿಂದಾನೂ ಅಷ್ಟೇ ತೆಗೀಬೇಕು, ಇಲ್ಲಾಂದ್ರೆ ವಾಲ್ಕೊಳತ್ತೆ. ಡಿಜಿಟಲ್ ತಕ್ಕಡಿಯಲ್ಲಿ ಇದು ಕಾಣ್ಸಲ್ಲ, ಅದೊಂದು ನಷ್ಟ. ನೆಲದ ಮೇಲಿನ ಗೆರೆ ಮಾಡಿದ ಕೆಲಸನೂ ಇದೇನೇ.

ಈಗ ಅಕ್ಷರ ತನ್ನಿ, ಆದ್ರೆ ಎಕ್ಸ್ ಬೇಡ

ಪೊಟ್ಟಣದ ಚಿತ್ರ ದಿನಾ ಬರೆಯೋಕೆ ಬೇಜಾರು, ಅದಕ್ಕೊಂದು ಶಾರ್ಟ್‌ಕಟ್ ಬೇಕು ಅಂತ ಮಗುನೇ ಹೇಳೋವರೆಗೂ ಕಾಯಿರಿ. ನಾವು ಇಟ್ಟಿದ್ದು "ಯಾ". ಯಾವ್ದೋ ಒಂದು ನಂಬರ್, ಅದರ ಮೊದಲಕ್ಷರ. ಇದು ನಾನು ಕಂಡ್ಹಿಡಿದಿದ್ದಲ್ಲ ಸ್ವಾಮಿ, ಭಾಸ್ಕರಾಚಾರ್ಯ 1150ರಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಯಾವತ್ತಾವತ್ ಅಂತ ಕರೆದು, ಅಂದ್ರೆ ಎಷ್ಟೋ ಅಷ್ಟು ಅಂತ, ಅದನ್ನ ಚಿಕ್ಕದು ಮಾಡಿ "ಯಾ" ಅಂತಲೇ ಬರೀತಿದ್ರು. ಎರಡನೇ ಗೊತ್ತಿಲ್ಲದ್ದು ಬಂದ್ರೆ ಬಣ್ಣದ ಹೆಸರು, ಕಾಲಕ ಅಂದ್ರೆ ಕಪ್ಪು, ನೀಲಕ ಅಂದ್ರೆ ನೀಲಿ, ಬರೆಯೋದು ಕಾ, ನೀ ಅಂತ. ಎಕ್ಸ್, ವೈ, ಝಡ್ ಎಲ್ಲಾ 1637ರಲ್ಲಿ ಫ್ರಾನ್ಸಿನ ಡೆಕಾರ್ಟ್ ಆದ್ಮೇಲೆ ಬಂದಿದ್ದು. ಹಂಗಾಗಿ ನಿಮ್ಮ ಮಗು ಎಕ್ಸ್ ನೋಡಿ ಹೆದರಿದ್ರೆ ಎಕ್ಸ್ ಬರೋಕಿಂತ ಸುಮಾರು ಐನೂರು ವರ್ಷ ಹಿಂದಕ್ಕೆ ಹೋಗಿ ಯಾ ಇಂದ ಶುರು ಮಾಡಿ, ಯಾರೂ ಏನೂ ಅನ್ನಲ್ಲ. ಸ್ಕೂಲಲ್ಲಿ ಎಕ್ಸೇ ಬರೀಬೇಕು ಅನ್ನೋದು ನಿಜ, ಅದು ಕೊನೇಲಿ ಒಂದೇ ದಿನದ ಕೆಲಸ.

ಬೆಂಕಿಪೊಟ್ಟಣದ ಲೆಕ್ಕ ಈಗ ಹಿಂಗಾಯ್ತು:
2ಯಾ + 3 = 11
2ಯಾ = 8
ಯಾ = 4
ಒಂದೊಂದು ಸಾಲು ಬರೆಯುವಾಗಲೂ ಕೈ ಏನು ಮಾಡ್ತು ಅಂತ ಬಾಯಲ್ಲಿ ಹೇಳಿಸಿ, ಮೂರು ಬೀಜ ಎರಡೂ ಕಡೆಯಿಂದ ತೆಗೆದೆ, ಎರಡು ಭಾಗ ಮಾಡ್ದೆ, ಹಿಂಗೆ. ಒಂದೊಂದು ಸಾಲಿಗೆ ಒಂದೊಂದೇ ಸಮ ಚಿಹ್ನೆ ಇರ್ಲಿ, 2ಯಾ = 11 − 3 = 8 = 4 ಅಂತ ರೈಲು ಬಿಡೋಕೆ ಬಿಡ್ಬೇಡಿ, ಎಂಟು ನಾಲ್ಕಕ್ಕೆ ಸಮ ಅಂತ ಬರೆದಂಗಾಗತ್ತೆ. ಇದು ಚಿಕ್ಕದು ಅಂತ ಬಿಟ್ರೆ ಹತ್ತನೇ ಕ್ಲಾಸಿಗೆ ಬಂದ್ರೂ ಈ ಅಭ್ಯಾಸ ಹೋಗಲ್ಲ.

ಟೊಮೆಟೊ ಮಂಡಿ, ಮೈನಸ್ಸು

ಬಾವ 40 ಬಾಕ್ಸ್ ಹಾಕಿದ್ರು, ಗಾಡಿ ಬಾಡಿಗೆ 600 ಕೊಟ್ರು, ಮನೆಗೆ 9,400 ತಂದ್ರು. ಬಾಕ್ಸು ಎಷ್ಟಕ್ಕೆ ಹೋಯ್ತು? (ಕಮಿಷನ್ನು, ಕೂಲಿ ಇವೆಲ್ಲ ಈಗ ಬಿಟ್ಬಿಡಿ, ಪರ್ಸೆಂಟೇಜ್ ಬಂದ್ಮೇಲೆ ನೋಡೋಣ.)

40ಯಾ − 600 = 9400

ಇಲ್ಲಿ ಎಲ್ಲರೂ "ಮೈನಸ್ 600 ಆ ಕಡೆ ಹೋದ್ರೆ ಪ್ಲಸ್ ಆಗತ್ತೆ" ಅಂತ ಮಂತ್ರ ಹಾಕ್ತಾರೆ. ಪುಸ್ತಕದಲ್ಲಿ ಇದಕ್ಕೆ ಪಕ್ಷಾಂತರ ಅನ್ನೋದು, ಹೆಸರು ಕೇಳಿದ್ರೆ ನಮ್ಮ ರಾಜಕಾರಣಿಗಳ ನೆನಪಾಗತ್ತೆ, ಆ ಪಕ್ಷಕ್ಕೆ ಹಾರಿದ ತಕ್ಷಣ ಬಣ್ಣ ಬದಲು! ಆದ್ರೆ ಇಲ್ಲಿ ನಿಜವಾಗ್ಲೂ ಯಾರೂ ಎಲ್ಲಿಗೂ ಹಾರಲ್ಲ. ಗಾಡಿಯವನಿಗೆ ಕೊಟ್ಟ 600ನ ವಾಪಸ್ ಇಸ್ಕೊಂಡ್ವಿ ಅನ್ಕೊಳ್ಳಿ, ಎಡಕ್ಕೂ 600 ಸೇರಿತು, ಬಲಕ್ಕೂ 600 ಸೇರಿತು. ಎಡದಲ್ಲಿ ಕಳೆದಿದ್ದೂ ಸೇರಿಸಿದ್ದೂ ಒಂದಕ್ಕೊಂದು ಹೊಡೆದುಹೋಯ್ತು, ಬಲದಲ್ಲಿ 10,000 ಆಯ್ತು. 40ಯಾ = 10000, ಯಾ = 250. ಮೈನಸ್ಸು ಹಾರಿ ಪ್ಲಸ್ ಆದಂಗೆ ನಮಗೆ ಕಾಣ್ಸತ್ತೆ, ಆಗಿದ್ದು ಎರಡೂ ತಟ್ಟೆಗೆ ಒಂದೇ ತೂಕ ಹಾಕಿದ್ದು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಈ ಕೆಲಸಕ್ಕೇ ಅಲ್ ಜಬ್ರ್ ಅಂತ ಹೆಸರಿಟ್ರು, ಅಂದ್ರೆ ಕಳೆದಿದ್ದನ್ನ ಮತ್ತೆ ತುಂಬಿಕೊಡೋದು. ಆಲ್ಜಿಬ್ರಾ ಅನ್ನೋ ಪದ ಅಲ್ಲಿಂದಾನೇ ಬಂದಿದ್ದು. ನನಗೆ ಸ್ಕೂಲಲ್ಲಿ ಯಾಕೆ ಅಂತ ಕೇಳ್ಬೇಡ ಅಂದಿದ್ದು ಆ ಪಾಠದ ಹೆಸರನ್ನೇ ಅಂತ ಈಗ ನಗು ಬರತ್ತೆ.

ಉತ್ತರ ಬಂದ್ಮೇಲೆ ವಾಪಸ್ ಹಾಕಿ ನೋಡೋದು ಕಡ್ಡಾಯ ಮಾಡಿ. 40 ಸಲ 250 ಹತ್ತು ಸಾವಿರ, 600 ಹೋದ್ರೆ 9,400, ಸರಿ. ಇದೊಂದು ಅಭ್ಯಾಸ ಬಿದ್ರೆ ಮಗು ಸರಿ ಇದೆಯಾ ಅಂತ ನಿಮ್ಮ ಮುಖ ನೋಡೋದು ಬಿಡತ್ತೆ.

ಮೈನಸ್ ಸಂಖ್ಯೆ ಅಂದ್ರೆ ಸಾಲ ಅಂತ ಹೇಳಿ, ಬೇರೆ ಏನೂ ಬೇಡ. ಬ್ರಹ್ಮಗುಪ್ತ 628ರಲ್ಲೇ ಧನ, ಋಣ ಅಂತ ಕರೆದಿದ್ದು ಅದಕ್ಕೇ, ನಮ್ಮ ಪುಸ್ತಕದಲ್ಲಿ ಈಗ್ಲೂ ಧನ ಸಂಖ್ಯೆ ಋಣ ಸಂಖ್ಯೆ ಅಂತಲೇ ಇದೆ. ಅಂಗಡಿಯವರು 50 ರೂಪಾಯಿ ಸಾಲ ಹೊಡೆದು ಹಾಕಿದ್ರೆ ನಿಮಗೆ 50 ಸಿಕ್ಕಂಗೇ ತಾನೆ? ಮೈನಸ್ ಮೈನಸ್ ಪ್ಲಸ್ ಯಾಕಾಗತ್ತೆ ಅನ್ನೋದು ಅಲ್ಲಿಗೆ ಮುಗೀತು.

ಯಾ ಅಂದ್ರೆ ಟೊಮೆಟೊ ಅಲ್ಲ

ಇದು ಹೇಳ್ಕೊಡೋರೇ ಮಾಡೋ ತಪ್ಪು, ನಾನೂ ಮಾಡ್ದೆ. "ಎ ಅಂದ್ರೆ ಆಪಲ್, ಬಿ ಅಂದ್ರೆ ಬಾಳೆಹಣ್ಣು, 2 ಆಪಲ್ 3 ಬಾಳೆಹಣ್ಣು ಕೂಡಿಸೋಕಾಗತ್ತಾ?" ಅಂತ ಹೇಳಿದ್ರೆ ಆ ದಿನಕ್ಕೆ ಚೆನ್ನಾಗಿ ಅರ್ಥ ಆಗತ್ತೆ, ಆದ್ರೆ ಮುಂದೆ ಎ ಇಂಟು ಬಿ ಅಂತ ಬಂದಾಗ ಆಪಲ್ಲನ್ನ ಬಾಳೆಹಣ್ಣಿಂದ ಗುಣಿಸೋದು ಹೆಂಗೆ ಅಂತ ಮಗು ಸಿಕ್ಕಾಕ್ಕೊಳತ್ತೆ. ಅಕ್ಷರ ವಸ್ತು ಅಲ್ಲ, ಒಂದು ನಂಬರು. ಯಾ ಅಂದ್ರೆ ಬಾಕ್ಸ್ ಅಲ್ಲ, ಬಾಕ್ಸಿನ ರೇಟು. 15 ಕೆಜಿ ಬಾಕ್ಸು 2023ರ ಜುಲೈನಲ್ಲಿ ಎರಡು ಸಾವಿರ ದಾಟಿ ಹೋಗಿದ್ದೂ ನೋಡಿದೀವಿ, ಕೇಳೋರಿಲ್ಲದೆ ರಸ್ತೆಗೆ ಸುರಿದಿದ್ದೂ ನೋಡಿದೀವಿ, ಬಾಕ್ಸ್ ಅದೇ, ಯಾ ಬೇರೆ. ಚರಾಕ್ಷರ ಅಂತ ಪುಸ್ತಕದಲ್ಲಿರೋದು ಇದೇ, ಚರ ಅಂದ್ರೆ ಒಂದು ಕಡೆ ನಿಲ್ಲದೇ ಇರೋದು. ಕೋಲಾರದ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಡೈರಿಗೆ ಹಾಲು ಹಾಕೋ ಮನೆ ಆದ್ರೆ ಇನ್ನೂ ಸುಲಭ. ಲೀಟರಿಗೆ 35 ಅನ್ಕೊಳ್ಳಿ, ಹಾಕಿದ ಲೀಟರ್ ಯಾ, ದುಡ್ಡು 35ಯಾ. ಇವತ್ತು 6 ಲೀಟರ್ ಆದ್ರೆ 210, ನಾಳೆ 8 ಆದ್ರೆ 280. ಇಲ್ಲಿ ಯಾ ಕಂಡ್ಹಿಡಿಯೋ ಒಗಟಲ್ಲ, ದಿನಾ ಬದಲಾಗೋ ಜಾಗ ಅಷ್ಟೇ, 35 ಮಾತ್ರ ಅಲ್ಲಾಡಲ್ಲ, ಅದು ಸ್ಥಿರಾಂಕ.

3ಯಾ + 5 ಅನ್ನ 8ಯಾ ಮಾಡೋದು ಇನ್ನೊಂದು ರೋಗ. ಬಸ್ಸಿಂದ ಸರಿ ಮಾಡಿ. ಮೂರು ಟಿಕೆಟ್ಟು, ಜೊತೆಗೆ 5 ರೂಪಾಯಿ ಕಡ್ಲೆಕಾಯಿ, ಟಿಕೆಟ್ 20 ಆದ್ರೆ ಎಷ್ಟು? 65. ಎಂಟು ಟಿಕೆಟ್ ಆದ್ರೆ? 160. ಒಂದೇನಾ? ಅಲ್ಲ. ನಂಬರ್ ಹಾಕಿ ನೋಡಿದ್ರೆ ಸಾಕು, ಸಜಾತಿ ವಿಜಾತಿ ಅಂತ ಭಾಷಣ ಬೇಡ. ಇದೇ ಬಸ್ಸಲ್ಲಿ ಇನ್ನೊಂದು ಕೇಳಿ, ಸರ್ಕಾರಿ ಬಸ್ಸಲ್ಲಿ 2 ಗಂಡಸರು 3 ಹೆಂಗಸರು ಕೋಲಾರದಿಂದ ಚಿಂತಾಮಣಿಗೆ ಹೊರಟ್ರು, ಒಟ್ಟು ಎಷ್ಟು? ನಮ್ಮ ಹುಡುಗಿ 5ಯಾ ಅಂತ ಬರೆದು ತಕ್ಷಣ ನಾಲ್ಗೆ ಕಚ್ಕೊಂಡು ಅಳಿಸಿದ್ಲು, 2023ರ ಜೂನ್ ಇಂದ ಹೆಂಗಸರಿಗೆ ಶಕ್ತಿ ಯೋಜನೆ, ಸೊನ್ನೆ ಟಿಕೆಟ್ಟು. 2ಯಾ + 3×0, ಅಂದ್ರೆ 2ಯಾ. ಸೊನ್ನೆಯಿಂದ ಗುಣಿಸಿದ್ರೆ ಏನಾಗತ್ತೆ ಅಂತ ಇಷ್ಟು ಗಟ್ಟಿಯಾಗಿ ಯಾವ ಪುಸ್ತಕನೂ ಹೇಳ್ಕೊಡಲ್ಲ.

ಎರಡೂ ಕಡೆ ಯಾ ಬಂದ್ರೆ

ಒಂದು ಗಾಡಿಯವನು 300 ಫಿಕ್ಸು, ಮೇಲೆ ಬಾಕ್ಸಿಗೆ 12 ಅಂತಾನೆ. ಇನ್ನೊಬ್ಬ 500 ಫಿಕ್ಸು, ಬಾಕ್ಸಿಗೆ 8. ಯಾರನ್ನ ಕರೀಬೇಕು? ಮೊದಲು ಊಹೆ ಮಾಡ್ಸಿ. ಆಮೇಲೆ ಸುಮ್ನೆ ನಂಬರ್ ಹಾಕ್ಸಿ, 30 ಬಾಕ್ಸಿಗೆ ಮೊದಲನೇವನು 660, ಎರಡನೇವನು 740. 80 ಬಾಕ್ಸಿಗೆ 1,260, ಮತ್ತೆ 1,140. ಅರೆ, ತಿರುಗಿ ಹೋಯ್ತಲ್ಲ, ಎಲ್ಲೋ ಮಧ್ಯದಲ್ಲಿ ಇಬ್ಬರೂ ಒಂದೇ ಆಗ್ಬೇಕು ಅನ್ನೋದು ಮಗುಗೆ ಹೊಳೆಯೋವರೆಗೂ ಬಾಯಿ ಬಿಡ್ಬೇಡಿ. ಈ ಸಲ ಯಾ ಅಂದ್ರೆ ರೇಟಲ್ಲ, ಎಷ್ಟು ಬಾಕ್ಸ್ ಅನ್ನೋದು.

300 + 12ಯಾ = 500 + 8ಯಾ

ಪೊಟ್ಟಣದ ಆಟನೇ ಇದು, ಎರಡೂ ಕಡೆಯಿಂದ 8 ಪೊಟ್ಟಣ ತೆಗೀರಿ, 300 + 4ಯಾ = 500. ಎರಡೂ ಕಡೆಯಿಂದ 300 ತೆಗೀರಿ, 4ಯಾ = 200. ಯಾ = 50. ಐವತ್ತು ಬಾಕ್ಸಿಗೆ ಇಬ್ಬರಿಗೂ 900. ಕಮ್ಮಿ ಇದ್ರೆ ಮೊದಲನೇವನು, ಜಾಸ್ತಿ ಇದ್ರೆ ಎರಡನೇವನು. ನಮ್ಮ ಬಾವ ಪಕ್ಕದಲ್ಲಿ ಟೀ ಕುಡೀತಾ ಕೇಳಿಸ್ಕೊಂಡು "ಇದು ನಂಗೆ ಆಗ್ಲೇ ಗೊತ್ತು" ಅಂದ್ರು. ಗೊತ್ತಿತ್ತು, ನಿಜ. ಎಷ್ಟು ಬಾಕ್ಸಿಗೆ ಅಂತ ಕೇಳಿದ್ರೆ "ಒಂದು ಐವತ್ತು ಅರವತ್ತು" ಅಂದ್ರು.

ಎರಡು ಗೊತ್ತಿಲ್ಲದ್ದು ಬಂದಾಗ ಹೋಟೆಲ್ ಬಿಲ್ಲು ಸಾಕು. 3 ಟೀ 2 ವಡೆ 60, ಪಕ್ಕದ ಟೇಬಲ್ಲಿಗೆ 3 ಟೀ 4 ವಡೆ 90. ವ್ಯತ್ಯಾಸ ಬರೀ 2 ವಡೆ, ಅದು 30, ವಡೆ 15, ಹಂಗಾದ್ರೆ ಟೀ 10. ಟೀ ರೇಟು ಯಾ, ವಡೆ ರೇಟು ಕಾ ಅಂತ ಇಟ್ಕೊಂಡು ಬರೆಸಿ. ಈಗಲೇ ಇದಕ್ಕಿಂತ ಮುಂದೆ ಹೋಗ್ಬೇಡಿ.

ಯಾ ತೆಗೆದು ಎಕ್ಸ್ ಹಾಕೋ ದಿನ

ಹಳೇ ಲೆಕ್ಕಗಳನ್ನೇ ತೆಗೆದು ಯಾ ಇದ್ದ ಕಡೆಯೆಲ್ಲ ಎಕ್ಸ್ ಬರೀ ಅಂತ ಹೇಳಿ, ಉತ್ತರ ಬದಲಾಯ್ತಾ ನೋಡು ಅನ್ನಿ. ಆಮೇಲೆ ಸ್ಕೂಲ್ ಪುಸ್ತಕ ತೆಗೆದು, ಅಲ್ಲಿರೋ ಬರೀ ಸಮೀಕರಣಕ್ಕೆ ಕಥೆ ಕಟ್ಟೋಕೆ ಹೇಳಿ. 5ಎಕ್ಸ್ − 20 = 80 ಅಂತಿದ್ರೆ ಐದು ಜನ ಸಮ ಸಮ ದುಡ್ಡು ಹಾಕಿದ್ರು, 20 ಖರ್ಚಾಯ್ತು, 80 ಉಳೀತು, ಏನೋ ಒಂದು. ಲೆಕ್ಕ ಬಿಡಿಸೋದು ಬಂದು ಕಥೆ ಕಟ್ಟೋಕೆ ಬರ್ಲಿಲ್ಲ ಅಂದ್ರೆ ಎರಡು ಹೆಜ್ಜೆ ಹಿಂದೆ ಹೋಗಿ ಪೊಟ್ಟಣ ತೆಗೀರಿ.

ಮನೆಗೆ ಮೂರು ಲೆಕ್ಕ. ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ 50 ಕೆಜಿ ರೇಷ್ಮೆ ಗೂಡು ಮಾರಿ, 1,000 ಸಾಲ ತೀರಿಸಿ, 24,000 ಮನೆಗೆ ತಂದ್ರು, ಕೆಜಿ ಎಷ್ಟಕ್ಕೆ ಹೋಯ್ತು (500). ಅಮ್ಮನ ವಯಸ್ಸು ಮಗಳದ್ದರ ಮೂರರಷ್ಟು, ಇಬ್ಬರದೂ ಸೇರಿ 48 (12, 36). 200 ಕೊಟ್ಟು ಎರಡು ಬಸ್ ಟಿಕೆಟ್ ತಗೊಂಡ್ರೆ 70 ವಾಪಸ್ ಬಂತು, ಟಿಕೆಟ್ ಎಷ್ಟು (65).

ನಾಲ್ಕನೇದು ನಮ್ಮ ಹುಡುಗಿನೇ ಕಟ್ಟಿದ್ದು. ಆ ಮೊದಲನೇ ಗಾಡಿಯವನಿಗೆ ಅವರಪ್ಪ 330 ಕೊಟ್ರು, ಎಷ್ಟು ಬಾಕ್ಸ್ ಕಳಿಸಿದ್ರು ಅಂತ. ನಾನು ಬಿಡಿಸಿದೆ, 12ಯಾ = 30, ಯಾ ಎರಡೂವರೆ. "ಅರ್ಧ ಬಾಕ್ಸ್ ಯಾರೇ ಗಾಡಿಗೆ ಹಾಕ್ತಾರೆ, ಲೆಕ್ಕ ತಪ್ಪು ಕಟ್ಟಿದೀಯ" ಅಂದೆ. "ತಪ್ಪಿಲ್ಲ ಮಾವ, ಇನ್ನರ್ಧ ಸಾರಿಗೆ ಮನೇಲೇ ಇಟ್ಕೊಂಡ್ವಿ" ಅಂದ್ಲು.